ತಾಯಿಬಳ್ಳಿಯ ಕೆಂಪೆಲೆ

ಕೊಯ್ಲು ಶುರುವಾಗಲು ಇನ್ನು ಕೆಲವೇ ದಿನ ಇದ್ದಾಗ, ಕಲ್ಲುಗೋಡೆಯ ಪಕ್ಕದ ತಾಯಿಬಳ್ಳಿಯಲ್ಲಿ ಅಕ್ಕನಿಗೆ ಒಂದು ಕೆಂಪೆಲೆ ಕಂಡಿತು.

ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಸಹ. ದ್ರಾಕ್ಷಿಗೆ ಕಸಿ ಕಟ್ಟಿ ಸಸಿ ಬೆಳೆಸುವುದು ಅವಳ ಕೆಲಸ. ಇಳಿಜಾರಿನ ಬುಡದ ನೆಲಮಾಳಿಗೆಯಲ್ಲಿ ಅವಳ ಗಂಡ ನೊರೆ ಉಕ್ಕುವ ವೈನ್ ಮಾಡುತ್ತಿದ್ದ. ತೋಟ ಅತ್ತೆಯದು. ಅತ್ತೆ ಈಗ ಇಳಿಜಾರು ಹತ್ತುವುದನ್ನು ಬಿಟ್ಟಿದ್ದರೂ ಅಡುಗೆಮನೆಯ ಕಿಟಕಿಯಿಂದಲೇ ಯಾರು ಯಾವ ಸಾಲಿನಲ್ಲಿ ಮೈಗಳ್ಳತನ ಮಾಡುತ್ತಿದ್ದಾರೆ ಎಂದು ಹೇಳಬಲ್ಲವಳಾಗಿದ್ದಳು.

ಆ ಮಧ್ಯಾಹ್ನ ಅಕ್ಕ ಹೋಗಿದ್ದದ್ದು ಹುಳಿ ನೋಡಲು. ನೊರೆ ವೈನಿಗೆ ಹಣ್ಣು ಪೂರ್ತಿ ಮಾಗುವವರೆಗೆ ಕಾಯುವಂತಿಲ್ಲ. ಸಿಹಿ ಇನ್ನೂ ಏರುತ್ತಿರುವಾಗಲೇ, ಹಲ್ಲು ಚುಳ್ಳೆನ್ನುವಷ್ಟು ಹುಳಿ ಇರುವಾಗಲೇ ಕೊಯ್ದುಬಿಡಬೇಕು. ಹುಳಿ ಹೋದ ಹಣ್ಣಿನಿಂದ ಮಾಡಿದ ವೈನಿನಲ್ಲಿ ಗುಳ್ಳೆ ಎದ್ದರೂ ಜೀವ ಇರುವುದಿಲ್ಲ. ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಅಂಗೈಗೆ ಉಗಿದು, ಅದರ ಬಣ್ಣ ನೋಡುತ್ತಾ ಬಗ್ಗಿದಾಗ ಬುಡದ ಹತ್ತಿರದ ಎಲೆ ಕಣ್ಣಿಗೆ ಬಿತ್ತು. ನರಗಳು ಹಸಿರಾಗೇ ಇದ್ದವು. ನರಗಳ ನಡುವಿನ ಜಾಗವೆಲ್ಲ ಹೆಪ್ಪುಗಟ್ಟಿದ ರಕ್ತದ ಬಣ್ಣ. ಅಂಚು ಕೆಳಮುಖವಾಗಿ ಸುರುಳಿ ಸುತ್ತಿತ್ತು.

ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡೂ ಕಡೆ ತಿರುಗಿ ನೋಡಿ, ಎಲೆಯನ್ನು ಕಿತ್ತು ಜೇಬಿಗೆ ತುರುಕಿದಳು. ಆಮೇಲೆ ಹಾಗೆ ಮಾಡಿದ್ದಕ್ಕೇ ಅವಳಿಗೆ ಇನ್ನೂ ಹೆಚ್ಚು ಭಯವಾಯಿತು. ಕಳ್ಳಿಯ ಹಾಗೆ ತನ್ನ ತೋಟದ ಎಲೆಯನ್ನೇ ತಾನು ಬಚ್ಚಿಟ್ಟುಕೊಂಡಿದ್ದಳು.

ಆ ಬಳ್ಳಿ ಬೇರೆಯವುಗಳ ಹಾಗಲ್ಲ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದು, ಇಡೀ ಇಳಿಜಾರಿನ ಹಣ್ಣು ಸಪ್ಪೆಯಾಗತೊಡಗಿದ್ದ ಕಾಲದಲ್ಲಿ ಅಕ್ಕ ಪ್ರತಿ ಬೇಸಿಗೆ ಬಳ್ಳಿ ಬಳ್ಳಿಯ ಹಣ್ಣು ಬಾಯಿಗೆ ಹಾಕಿ ನೋಡುತ್ತಾ ನಡೆದಿದ್ದಳು. ಗಂಡ ನಗುತ್ತಿದ್ದ: "ಸಂಬಂಧ ನೋಡೋಕೆ ಹೋದವರ ಹಾಗೆ ಒಂದೊಂದರ ಗುಣಗೋತ್ರ ವಿಚಾರಿಸ್ತಿದ್ದೀಯಲ್ಲೇ." ಗೋಡೆಯ ಪಕ್ಕದ ಆ ಹಳೆಯ ಬಳ್ಳಿ ಮಾತ್ರ ಎಷ್ಟು ಸುಡುಬಿಸಿಲಿದ್ದರೂ ಹುಳಿ ಬಿಟ್ಟುಕೊಡುತ್ತಿರಲಿಲ್ಲ. ಗೊಂಚಲು ಸಣ್ಣದು, ಸಿಪ್ಪೆ ದಪ್ಪ, ಕೊಳೆ ಹತ್ತುತ್ತಿರಲಿಲ್ಲ. ಅವಳು ಅದಕ್ಕೊಂದು ನೀಲಿ ಪಟ್ಟಿ ಕಟ್ಟಿ ವರ್ಷಗಟ್ಟಲೆ ಕಾದಳು. ಅದರ ಹಣ್ಣನ್ನು ಬೇರೆಯಾಗಿ ಹಿಂಡಿಸಿ, ಬೇರೆ ಸೀಸೆಗಳಲ್ಲಿ ಎರಡನೇ ಸಲ ಹುದುಗಿಸಿ, ಕತ್ತಲೆಯಲ್ಲಿ ಮಲಗಿಸಿಟ್ಟು, ಕೊನೆಗೊಂದು ದಿನ ಗಂಡ ಬಿರಡೆ ತೆಗೆದಾಗ ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಿದ್ದಳು. "ಇದನ್ನ ಹೆಚ್ಚಿಸು," ಎಂದಿದ್ದಳು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆ ಚಳಿಗಾಲದಲ್ಲೇ ಅಕ್ಕ ಅದರ ಕಡ್ಡಿ ಕತ್ತರಿಸಿದಳು. ಒದ್ದೆ ಹೊಟ್ಟಿನಲ್ಲಿ ತಣ್ಣಗೆ ಇಟ್ಟು, ಬೇರಿನ ಗಿಡದ ತುಂಡಿಗೆ ಚಿಗುರೊಡೆಯುವ ಒಂದೊಂದು ಕಣ್ಣನ್ನು ಕೂಡಿಸಿ, ಮೇಣದಲ್ಲಿ ಅದ್ದಿ, ಬೆಚ್ಚಗಿನ ಕೋಣೆಯಲ್ಲಿ ಗಾಯ ಕೂಡುವವರೆಗೆ ಕೂಸು ಕಾದ ಹಾಗೆ ಕಾದಳು. ಆ ಮೊದಲ ಸಸಿಗಳೆಲ್ಲ ಹೋದದ್ದು ತಂಗಿಯ ತೋಟಕ್ಕೆ.

ತಂಗಿ ಗುಡ್ಡದಾಚೆ ಒಬ್ಬಳೇ ಇದ್ದಳು. ಗಂಡ ತೀರಿಕೊಂಡ ಮೇಲೆ ತೋಟ ಮಾರಿಬಿಡುತ್ತೇನೆಂದು ಕೂತಿದ್ದವಳನ್ನು ಒಪ್ಪಿಸಿ, ಮುದಿಯಾದ ಬಳ್ಳಿಗಳನ್ನು ಕೀಳಿಸಿ, "ನನ್ನ ಮಾತು ನಂಬು," ಎಂದು ಹೊಸದನ್ನು ನೆಡಿಸಿದವಳು ಅಕ್ಕನೇ. ಮೊದಲ ಸಸಿಗಳು ದಾರಿಯಿಂದ ಮೇಲಕ್ಕಿದ್ದ ನೆಲದ ಪಟ್ಟಿಯಲ್ಲಿ ಬೇರು ಬಿಟ್ಟವು. ಎರಡು ವರ್ಷ ಕಳೆದ ಮೇಲೆ ಮತ್ತೆ ಕಡ್ಡಿ ಕತ್ತರಿಸಿ ಕಟ್ಟಿದ ಸಸಿಗಳನ್ನು ದಾರಿಯ ಕೆಳಗಿನ ಪಟ್ಟಿಯಲ್ಲಿ ನೆಟ್ಟರು. ತಂಗಿಯ ಬದುಕು ಈಗ ಪೂರ್ತಿ ಆ ಒಂದು ಬಳ್ಳಿಯ ಮಕ್ಕಳ ಮೇಲೆ ನಿಂತಿತ್ತು.

ಕೆಂಪೆಲೆ ಎಂದರೆ ನಂಜು, ಅಂದರೆ ವೈರಸ್ ರೋಗ, ಇರಬಹುದು. ನಂಜು ಹೊಕ್ಕ ಬಳ್ಳಿಗೆ ಔಷಧಿ ಇಲ್ಲ. ಹಣ್ಣು ಸರಿಯಾಗಿ ಮಾಗುವುದಿಲ್ಲ, ಬಳ್ಳಿ ವರ್ಷ ವರ್ಷ ಸೊರಗುತ್ತದೆ. ಅದರ ಕಡ್ಡಿಯಿಂದ ಕಟ್ಟಿದ ಸಸಿಗೆ ನಂಜು ಹುಟ್ಟಿನಿಂದಲೇ ಬರುತ್ತದೆ.

ಆದರೆ ಕೆಂಪೆಲೆಗೆ ಬೇರೆ ಕಾರಣವೂ ಇರುತ್ತದೆ. ಕಟ್ಟಿದ ತಂತಿ ಬಿಗಿದು ಕೊರಳು ಹಿಸುಕಿದರೂ ಎಲೆ ಕೆಂಪಾಗುತ್ತದೆ. ಮರುದಿನ ಬೆಳಿಗ್ಗೆ ಅಕ್ಕ ಅದನ್ನೇ ಆಸೆಯಿಂದ ಹುಡುಕಿದಳು. ಬುಡದಿಂದ ತುದಿಯವರೆಗೆ ಬೆರಳಾಡಿಸಿದಳು. ತಂತಿ ಸಡಿಲವಾಗಿತ್ತು, ಎಲ್ಲೂ ಗಾಯವಿರಲಿಲ್ಲ. ಒಣತೊಗಟೆಯನ್ನು ಉಗುರಿನಿಂದ ಎಬ್ಬಿಸಿದಾಗ ಒಳಗೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಕಂಡಿತು. ಆ ಹಿಟ್ಟು ಮೆಲ್ಲಗೆ ಚಲಿಸಿತು. ಹಿಟ್ಟುತಿಗಣೆ. ಬಳ್ಳಿಯಿಂದ ಬಳ್ಳಿಗೆ ರಸ ಹೀರುತ್ತಾ ನಂಜನ್ನು ಹೊತ್ತು ನಡೆಯುವ ಹುಳು. ಗಾಳಿಗೂ ಹೋಗುತ್ತದೆ, ಆಳುಗಳ ಬಟ್ಟೆಗೆ ಅಂಟಿಕೊಂಡೂ ಹೋಗುತ್ತದೆ.

ಅಕ್ಕ ತನ್ನ ತೋಳು ನೋಡಿಕೊಂಡಳು. ಹೋದ ವಾರ ತಾನೇ ಇದೇ ಬಟ್ಟೆಯಲ್ಲಿ ತಂಗಿಯ ತೋಟಕ್ಕೆ ಹೋಗಿ, ಮೇಲಿನ ಪಟ್ಟಿಯ ಸಾಲುಗಳ ನಡುವೆ ನಡೆದಾಡಿ ಬಂದಿದ್ದಳು.

ಅಂದಿನಿಂದ ಕತ್ತರಿಯನ್ನು ತೊಳೆದದ್ದನ್ನೇ ತೊಳೆಯುವಳು. ಮನೆಗೆ ಬಂದರೆ ಬಾಗಿಲ ಹೊರಗೇ ಬಟ್ಟೆ ಒದರುವಳು. ಯಾವ ಬಳ್ಳಿಯನ್ನು ಮುಟ್ಟಲು ಹೋದರೂ ಕೈ ಹಿಂದಕ್ಕೆ ಬರುವುದು. ಆಳುಗಳು ಏನೋ ಕೇಳಿದರೆ ಎರಡನೇ ಸಲ ಕೇಳಿದ ಮೇಲೆ ಉತ್ತರ ಕೊಡುವಳು.

"ನಿನ್ನ ಮುಖ ನೋಡಿದ್ರೆ ಕಾಯಿಸಿದ ಹಾಲೂ ಒಡೆದುಹೋಗುತ್ತೆ," ಎಂದಳು ಅತ್ತೆ ಒಂದು ಬೆಳಿಗ್ಗೆ. "ಏನಾಗಿದೆ?"

"ಏನಿಲ್ಲ, ಅತ್ತೆ. ಕೊಯ್ಲಿನ ಕೆಲಸ."

"ಕೊಯ್ಲು ನನಗೆ ಹೊಸದಾ?" ಅತ್ತೆ ಒಗೆಯುವ ಬಟ್ಟೆಗಳ ಬುಟ್ಟಿಯಿಂದ ಏನನ್ನೋ ತೆಗೆದು ಮೇಜಿನ ಮೇಲೆ ಇಟ್ಟಳು. ಮುದುಡಿ ಒಣಗಿದ ಎಲೆ. "ಇದು ನಿನ್ನ ಜೇಬಲ್ಲಿತ್ತು. ಯಾವ ಬಳ್ಳಿದು?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಪ್ಪನ ತೋಟಕ್ಕೆ ರೋಗ ಬಂತು," ಎಂದಳು ಅತ್ತೆ. "ಅಪ್ಪ ನಿಯತ್ತಿನ ಮನುಷ್ಯ. ತಾನೇ ಹೋಗಿ ಪರೀಕ್ಷೆಯವರಿಗೆ ಹೇಳಿದ. ಅವರು ಬಂದು, ನೋಡಿ, ಎಲ್ಲಾ ಕೀಳಿಸಿದ್ರು. ಒಂದು ಬಳ್ಳಿನೂ ಬಿಡಲಿಲ್ಲ. ರಾಶಿ ಹಾಕಿ ಸುಟ್ಟರು. ಹಸಿ ಬೇರು ಉರಿಯೋಲ್ಲ, ಹೊಗೆಯಾಡ್ತಾನೇ ಇರುತ್ತೆ. ನಮ್ಮಪ್ಪ ಅದನ್ನ ನೋಡ್ತಾ ಕೂತವನು ಆಮೇಲೆ ನೆಟ್ಟಗೆ ಮಾತೇ ಆಡಲಿಲ್ಲ." ಅವಳು ಎಲೆಯನ್ನು ಬೆರಳಲ್ಲಿ ಪುಡಿ ಮಾಡಿದಳು. "ನೀನು ಬಾಯಿ ಮುಚ್ಕೊಂಡಿರು. ಕೊಯ್ಲು ಮುಗೀಲಿ. ಎಲೆ ಹೇಗೂ ಉದುರುತ್ತೆ. ಯಾರ ತೋಟದಲ್ಲಿ ಇಲ್ಲ ಇದು?"

"ತಂಗಿ ತೋಟ ಇದೆಯಲ್ಲ, ಅತ್ತೆ. ಅವಳಿಗೆ ಏನಂತ ಹೇಳಲಿ?"

"ಏನೂ ಹೇಳಬೇಡ. ಅವಳು ಕೇಳಿದಾಳಾ?"

ತಂಗಿ ಕೇಳಿರಲಿಲ್ಲ. ಅದೇ ಅಕ್ಕನಿಗೆ ವಿಚಿತ್ರವೆನ್ನಿಸಿತು. ದಿನಕ್ಕೊಂದು ಸಲ ಫೋನ್ ಮಾಡಿ ಬೆಕ್ಕು ಮರಿ ಹಾಕಿದ್ದನ್ನೂ ವರದಿ ಮಾಡುವ ಹುಡುಗಿ ಒಂದು ವಾರದಿಂದ ಸದ್ದಿಲ್ಲ. ಮೊದಲೆರಡು ದಿನ ಅಕ್ಕ ಅದನ್ನೇ ಪುಣ್ಯ ಅಂದುಕೊಂಡಳು. ಆಮೇಲೆ ತಾನೇ ಫೋನ್ ಮಾಡಿದಳು.

"ಚೆನ್ನಾಗಿದ್ದೀನಕ್ಕ," ಎಂದಳು ತಂಗಿ. ದನಿ ಬಿಗಿಯಾಗಿತ್ತು. "ಈ ವಾರ ಬರಬೇಡ. ಮನೆಗೆ ಸುಣ್ಣ ಹೊಡೆಸ್ತಾ ಇದ್ದೀನಿ."

"ಕೊಯ್ಲಿನ ಹೊತ್ತಲ್ಲಿ ಸುಣ್ಣ ಹೊಡೆಸ್ತಾರಾ?"

"ನಾನು ಹೊಡೆಸ್ತೀನಿ," ಎಂದು ಫೋನ್ ಇಟ್ಟುಬಿಟ್ಟಳು.

ಅಕ್ಕ ನೆಲಮಾಳಿಗೆಗೆ ಇಳಿದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ಸೀಸೆ ಸಾಲಿನ ಮುಂದೆ ನಿಂತು, ಒಂದೊಂದು ಸೀಸೆಯನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕೇಳಿಸಿಕೊಂಡ. ಅವಳು ಮುಗಿಸಿದ ಮೇಲೂ ಅವನ ಕೈ ತಿರುಗಿಸುತ್ತಲೇ ಇತ್ತು. ಆಮೇಲೆ ನಿಂತಿತು.

"ಅಮ್ಮ ಹೇಳೋದರಲ್ಲೂ ಒಂದು ನ್ಯಾಯ ಇದೆ," ಎಂದ. "ನಂಜು ಅಂತ ಗೊತ್ತಾದ್ರೆ ನಿನ್ನ ಸಸಿಮನೆ ಮುಚ್ಚಿಸ್ತಾರೆ. ಹಳೇ ಸಾಲುಗಳನ್ನೂ ಕೀಳಿಸಬಹುದು."

"ಹೇಳದಿದ್ರೆ?"

"ಹುಳ ನಡೀತಾ ಇರುತ್ತೆ."

"ಎಷ್ಟು ದೂರ?"

"ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು." ಅವನು ಅವಳ ಮುಖ ನೋಡಿದ. "ಊರಿಗೆ ಬಂದೋಳು ನೀರಿಗೆ ಬಾರದೆ ಇರ್ತಾಳೇನೇ? ಇವತ್ತಲ್ಲ ನಾಳೆ ಅವಳಿಗೆ ಕಾಣುತ್ತೆ. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡಬೇಡ. ಅಮ್ಮನಿಗೆ ನಾನು ಹೇಳ್ತೀನಿ."

ಮರುದಿನ ಬೆಳಿಗ್ಗೆ ಅಕ್ಕ ತಲೆಗೆ ಸ್ನಾನ ಮಾಡಿ, ತೋಟಕ್ಕೆ ಎಂದೂ ಹಾಕದ ಬಟ್ಟೆ ಹಾಕಿಕೊಂಡು, ತೋಟದ ಮಣ್ಣು ಕಾಣದ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು. ಎಲ್ಲಿಂದ ಶುರು ಮಾಡಿದರೂ ಅದು ಒಂದೇ ಕಡೆ ಬಂದು ನಿಲ್ಲುತ್ತಿತ್ತು: ನನ್ನ ಮಾತು ನಂಬು ಅಂದಿದ್ದೆನಲ್ಲ, ನಂಬಬಾರದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಆಸ್ಪತ್ರೆಗೆ ಹೊರಟಿದ್ದೀರಾ?" ಎಂದು ಮರುಕದಿಂದ ಕೇಳಿದಳು.

ತಂಗಿಯ ಮನೆಯ ಗೋಡೆಗೆ ಸುಣ್ಣದ ವಾಸನೆಯೂ ತಾಗಿರಲಿಲ್ಲ. ಬಾಗಿಲು ತಟ್ಟಿದರೆ ಯಾರೂ ಬರಲಿಲ್ಲ. ಹಿತ್ತಲಿನಲ್ಲಿ ಹೊಗೆ ಏಳುತ್ತಿತ್ತು. ಅತ್ತೆ ಹೇಳಿದ್ದ ಹೊಗೆಯ ಮಾತು ನೆನಪಾಗಿ, ತಂಗಿ ತೋಟವನ್ನೇ ಸುಟ್ಟುಬಿಟ್ಟಳೇನೋ ಎಂದು ಅಕ್ಕ ಹೆದರಿದಳು. ಓಡಿಕೊಂಡೇ ಹಿತ್ತಲಿಗೆ ಹೋದಳು.

ತಂಗಿ ಒಂದು ಹಳೇ ಡಬ್ಬದಲ್ಲಿ ಬೆಂಕಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲೊಂದು ಚೀಲ. ಅಕ್ಕನನ್ನು ಕಂಡವಳೇ ಎದ್ದು ಚೀಲಕ್ಕೆ ಅಡ್ಡ ನಿಂತಳು.

"ಬರಬೇಡ ಅಂದಿದ್ದೆನಲ್ಲಕ್ಕ."

"ಏನದು?"

"ಕಸ."

"ಪಕ್ಕಕ್ಕೆ ಸರಿ."

ತಂಗಿ ಸರಿಯಲಿಲ್ಲ. ಅಕ್ಕ ಬಗ್ಗಿ ಚೀಲದ ಬಾಯಿ ಎಳೆದಳು. ಒಳಗೆಲ್ಲ ಕೆಂಪೆಲೆಗಳು. ನರ ಹಸಿರು, ಅಂಚು ಕೆಳಕ್ಕೆ ಸುತ್ತಿದ್ದವು.

ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳು ಅಳುತ್ತಾಳೆ ಎಂದುಕೊಂಡು ತಂಗಿಯೇ ಮೊದಲು ಅಳತೊಡಗಿದಳು.

"ನಾನೇ ಏನೋ ತಪ್ಪು ಮಾಡಿದ್ದೀನಿ ಕಣಕ್ಕ. ನೀರು ಹೆಚ್ಚಾಯ್ತೋ ಗೊಬ್ಬರ ಹೆಚ್ಚಾಯ್ತೋ ಗೊತ್ತಿಲ್ಲ. ನೀನು ಅಷ್ಟು ವರ್ಷ ಹುಡುಕಿ ಹುಡುಕಿ ಆರಿಸಿದ ಬಳ್ಳಿ. ನನ್ನ ಕೈಗೆ ಬಂದು ಹಾಳಾಯ್ತು ಅಂದ್ರೆ ನಿನ್ನತ್ತೆ ಏನಂತಾರೆ? ದಿನಾ ಬೆಳಿಗ್ಗೆ ಎದ್ದು ಕಿತ್ತು ಹಾಕ್ತಾ ಇದ್ದೆ. ಕಿತ್ತಷ್ಟೂ ಬರ್ತಾನೇ ಇದೆ."

ಅಕ್ಕನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನೀನು ಮಾಡಿದ್ದಲ್ಲ," ಎಂದಳು. "ನಾನು ಕೊಟ್ಟಿದ್ದು. ತಾಯಿಬಳ್ಳಿಯಲ್ಲೇ ಇದೆ."

ತಂಗಿ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. "ಯಾವಾಗಿಂದ ಗೊತ್ತು ನಿನಗೆ?"

"ಹೋದ ವಾರದಿಂದ."

"ಹೋದ ವಾರದಿಂದ," ಎಂದು ತಂಗಿ ನಿಧಾನವಾಗಿ ಹೇಳಿದಳು. "ನಾನಿಲ್ಲಿ ಹುಚ್ಚಿ ಹಾಗೆ ಎಲೆ ಸುಡ್ತಾ ಕೂತಿದ್ದೆ. ನೀನು ಅಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ." ಅವಳು ಕೋಲಿನಿಂದ ಬೆಂಕಿ ಕೆದಕಿದಳು. ಚೀಲದಿಂದ ಹಿಡಿ ಹಿಡಿ ಎಲೆ ತೆಗೆದು ಅದಕ್ಕೆ ಹಾಕಿದಳು. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಅವಳಿಗೆ, ಬಳ್ಳಿಯ ಜೊತೆ ತಂಗಿಯೂ ಹೋದಳು ಎಂದೇ ಅನ್ನಿಸಿತು.

ಕೊನೆಗೆ ತಂಗಿ, "ಎದ್ದೇಳು. ಬಟ್ಟೆ ಮಣ್ಣಾಗುತ್ತೆ," ಎಂದಳು.

ಅಕ್ಕ ಎದ್ದು, "ಎಲ್ಲೆಲ್ಲಿ ಕಿತ್ತೆ?" ಎಂದು ಕೇಳಿದಳು.

"ಕೆಳಗಿನ ಪಟ್ಟೀಲಿ."

"ಮೇಲೆ?"

"ಮೇಲೆ ನಾನು ನೋಡೇ ಇಲ್ಲ. ನೋಡೋಕೆ ಧೈರ್ಯ ಬರಲಿಲ್ಲ."

ಇಬ್ಬರೂ ದಾರಿಯ ಅಂಚಿಗೆ ಹೋಗಿ ನಿಂತರು. ಅಕ್ಕ ಸಾಲಿನೊಳಗೆ ಕಾಲಿಡಲಿಲ್ಲ. ತನ್ನ ಮೈಮೇಲೆ ಏನಾದರೂ ಇದ್ದರೆ ಎಂಬ ಅಂಜಿಕೆ ಸ್ನಾನದಿಂದ ಹೋಗಿರಲಿಲ್ಲ. ದೂರದಿಂದ ಮೇಲಿನ ಪಟ್ಟಿ ಹಸಿರಾಗಿ ಕಂಡಿತು. ಆದರೆ ದೂರದಿಂದ ಕಂಡ ಹಸಿರನ್ನು ನಂಬುವ ಸ್ಥಿತಿ ಅವಳದಾಗಿರಲಿಲ್ಲ. ಅಲ್ಲಿಂದಲೇ ಅವಳು ಪರೀಕ್ಷಾಲಯಕ್ಕೆ ಫೋನ್ ಮಾಡಿದಳು. ಹೆಸರನ್ನು ಎರಡು ಸಲ ಹೇಳಬೇಕಾಯಿತು.

ಪರೀಕ್ಷಕಿ ಬಂದವಳು ಕಡಿಮೆ ಮಾತಿನ ಹೆಂಗಸು. ಬಿಳಿ ಮೇಲಂಗಿ ತೊಟ್ಟು, ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಎರಡೂ ತೋಟಗಳಲ್ಲಿ ಎಲೆತೊಟ್ಟು ಕತ್ತರಿಸಿ ಚೀಲ ಚೀಲಗಳಲ್ಲಿ ಹಾಕಿಕೊಂಡಳು. ಅತ್ತೆ ಅಡುಗೆಮನೆಯ ಕಿಟಕಿಯ ಪರದೆ ಎಳೆದುಬಿಟ್ಟಳು. ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು. ಬಡಿಸುವಾಗ ತಟ್ಟೆ ಮಾತ್ರ ಸದ್ದು ಮಾಡುತ್ತಿತ್ತು.

ಫಲಿತಾಂಶ ಬರುವವರೆಗಿನ ದಿನಗಳು ಹೇಗೆ ಕಳೆದವೆಂದು ಅಕ್ಕನಿಗೆ ಆಮೇಲೆ ನೆನಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ಹಳೇ ಸಾಲುಗಳ ಕೊಯ್ಲು ಆಯಿತು, ಹಣ್ಣು ಹಿಂಡಿದರು, ರಸ ತೊಟ್ಟಿಗೆ ಇಳಿಯಿತು. ಅವಳು ಎಲ್ಲದರಲ್ಲೂ ಇದ್ದಳು, ಯಾವುದರಲ್ಲೂ ಇರಲಿಲ್ಲ. ಗೇಟಿನ ಬಳಿ ಗಾಡಿ ನಿಂತ ಸದ್ದಾದರೆ ಕೈಯಲ್ಲಿದ್ದದ್ದು ಬೀಳುತ್ತಿತ್ತು. ನಡುವೆ ಒಮ್ಮೆ ತಂಗಿ ಫೋನ್ ಮಾಡಿ, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದಳು. ಇಲ್ಲ ಎಂದಳು ಅಕ್ಕ. "ಸರಿ," ಎಂದು ತಂಗಿ ಫೋನ್ ಇಟ್ಟಳು. ಬೆಕ್ಕಿನ ಮಾತೇ ಇರಲಿಲ್ಲ.

ಪರೀಕ್ಷಕಿ ಫೋನ್ ಮಾಡದೆ ತಾನೇ ಬಂದಳು. ಒಳ್ಳೆ ಸುದ್ದಿಯಾದರೆ ಇಷ್ಟು ದೂರ ಯಾರು ಬರುತ್ತಾರೆ? ಅಡುಗೆಮನೆಯ ಮೇಜಿನ ಸುತ್ತ ಅಕ್ಕ, ಗಂಡ, ಕಾದು ಸಾಕಾಗಿ ಅಂದು ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದ ತಂಗಿ ಕೂತರು. ಅತ್ತೆ ಒಲೆಯ ಬಳಿ ಬೆನ್ನು ಹಾಕಿ ನಿಂತಳು.

"ತಾಯಿಬಳ್ಳಿಯಲ್ಲಿ ನಂಜಿದೆ," ಎಂದಳು ಪರೀಕ್ಷಕಿ. "ಅದರ ಸಾಲು, ಪಕ್ಕದ ಸಾಲು ಹೋಗಬೇಕು. ಉಳಿದ ಇಳಿಜಾರು ಸದ್ಯಕ್ಕೆ ಚೆನ್ನಾಗಿದೆ. ಕೀಳಬೇಕಾಗಿಲ್ಲ, ಪ್ರತಿ ವರ್ಷ ಪರೀಕ್ಷೆ ಆಗಬೇಕು. ಸಸಿಮನೆ ಮುಂದಿನ ಬೇಸಿಗೆವರೆಗೆ ಮುಚ್ಚಿರಲಿ."

ಒಲೆಯ ಬಳಿ ಅತ್ತೆಯ ಬಿಗಿದ ಹೆಗಲು ಸ್ವಲ್ಪ ಇಳಿಯಿತು.

"ನನ್ನದು?" ಎಂದು ತಂಗಿ ಕೇಳಿದಳು.

"ಕೆಳಗಿನ ಪಟ್ಟಿ ಪೂರ್ತಿ ಕೀಳಬೇಕು. ಬೇಗ ಕೀಳಬೇಕು, ಹುಳ ಮೇಲಕ್ಕೆ ಹತ್ತೋ ಮೊದಲು." ಅವಳು ಕನ್ನಡಕ ತೆಗೆದು ಒರೆಸಿದಳು. "ಮೇಲಿನ ಪಟ್ಟಿಯಲ್ಲಿ ಏನೂ ಇಲ್ಲ. ನನಗೇ ನಂಬಿಕೆ ಬರದೆ ಎರಡನೇ ಸಲ ಪರೀಕ್ಷೆ ಮಾಡಿಸಿದೆ. ಅದಕ್ಕೇ ತಡವಾಯ್ತು. ನೀವು ಮೊದಲ ಸಲ ಕಡ್ಡಿ ಕತ್ತರಿಸಿದಾಗ ತಾಯಿಬಳ್ಳಿಗೆ ಇನ್ನೂ ನಂಜು ತಾಗಿರಲಿಲ್ಲ ಅಂತ ಕಾಣುತ್ತೆ. ಹುಳ ಆಮೇಲೆ ಬಂದಿದೆ."

ಗಂಡ, "ಅಂದ್ರೆ ಆ ಬಳ್ಳಿ ಇನ್ನೂ ಇದೆ," ಎಂದ. "ಇಲ್ಲಿಲ್ಲ, ಅಲ್ಲಿದೆ."

"ಅಲ್ಲಿ ಇರಬೇಕಾದ್ರೆ ಕೆಳಗಿನದು ಈ ವಾರವೇ ಹೋಗಬೇಕು," ಎಂದಳು ಪರೀಕ್ಷಕಿ. "ಇನ್ನಷ್ಟು ದಿನ ಸುಮ್ಮನಿದ್ದಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ."

ಆ ಮಾತು ಕೇಳಿ ಅಕ್ಕನಿಗೆ ನೆಮ್ಮದಿಗಿಂತ ಮೊದಲು ದಿಗಿಲಾಯಿತು. ಬಾಯಿ ಮುಚ್ಚಿಕೊಂಡು ಕೊಯ್ಲು ಮುಗಿಸಿ, ಎಲೆ ಉದುರುವವರೆಗೆ ಕಾದಿದ್ದರೆ ಏನಾಗುತ್ತಿತ್ತೆಂದು ಅವಳು ಕಣ್ಣ ಮುಂದೆ ಕಂಡಳು.

ತಾಯಿಬಳ್ಳಿಯನ್ನು ಅಗೆದು ತೆಗೆಯುವ ದಿನ ಅತ್ತೆ ಕೋಲೂರಿಕೊಂಡು ಇಳಿಜಾರು ಹತ್ತಿ ಬಂದಳು. ಎಷ್ಟೋ ಕಾಲದ ಮೇಲೆ ಅವಳು ಅಲ್ಲಿಗೆ ಬಂದದ್ದು. ಮಗ ಅಗೆಯುತ್ತಿದ್ದ. ಅಕ್ಕ ಬುಡ ಹಿಡಿದು ಎಳೆಯುತ್ತಿದ್ದಳು. ಬೇರು ಜಗ್ಗಲಿಲ್ಲ. ಅತ್ತೆ ಕೋಲು ಗೋಡೆಗೆ ಒರಗಿಸಿ, ಏನೂ ಹೇಳದೆ, ತಾನೂ ಬಂದು ಕೈ ಹಚ್ಚಿದಳು. ಬೇರು ಬಿಟ್ಟುಕೊಟ್ಟಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹಿಂದಕ್ಕೆ ಬಿದ್ದರು.

"ನಿನ್ನ ಸೊಂಟ ಸರಿ ಇದೆಯಾ?" ಎಂದು ಅತ್ತೆ ಬಿದ್ದಲ್ಲಿಂದಲೇ ಕೇಳಿದಳು. ಅಷ್ಟು ದಿನಗಳಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಇದೆ, ಅತ್ತೆ. ನಿಮ್ಮದು?"

"ನನ್ನದು ಯಾವಾಗ ಸರಿ ಇತ್ತು?" ಅವಳು ಮಗನ ಕೈ ಹಿಡಿದು ಎದ್ದಳು. ಸ್ವಲ್ಪ ಹೊತ್ತು ಬೇರನ್ನು ನೋಡಿದಳು. "ಬೆಂಕಿ ಹಚ್ಚುವಾಗ ನಾನು ಇಲ್ಲಿರೋಲ್ಲ," ಎಂದು ಹೇಳಿ ಇಳಿದುಹೋದಳು.

ತಂಗಿಯ ಕೆಳಗಿನ ಪಟ್ಟಿಯನ್ನು ಅದೇ ವಾರ ಕಿತ್ತರು. ಎಳೆಯ ಬಳ್ಳಿಗಳು, ಮೊದಲ ಸಲ ಫಲ ಬಿಡಬೇಕಿದ್ದವು. ತಂಗಿ ಒಂದನ್ನೂ ಬೇರೆಯವರಿಗೆ ಬಿಡದೆ ತಾನೇ ಕಿತ್ತಳು. ಮನೆಯೊಳಗೆ ಕೈ ತೊಳೆಯುವಾಗ, ಅಕ್ಕನ ಕಡೆ ನೋಡದೆ, "ನನಗೆ ಸಿಟ್ಟು ಇನ್ನೂ ಇದೆ," ಎಂದಳು.

"ಗೊತ್ತು."

"ಇರಲಿ ಬಿಡು. ಸಿಟ್ಟಿದ್ರೂ ಊಟ ಮಾಡಬಹುದು. ಬಾ."

ಮರುವರ್ಷ ಸಸಿಮನೆಯ ಬಾಗಿಲು ತೆರೆಯಿತು. ಅದಾದ ಚಳಿಗಾಲದಲ್ಲಿ, ಮತ್ತೊಮ್ಮೆ ಪರೀಕ್ಷೆಯಾಗಿ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ, ಕಡ್ಡಿ ಕತ್ತರಿಸಲು ಅಕ್ಕ ತಂಗಿಯ ಮೇಲಿನ ಪಟ್ಟಿಗೆ ಹೋದಳು. ಗೇಟಿನ ಹತ್ತಿರವೇ ಬಟ್ಟೆ, ಚಪ್ಪಲಿ ಬದಲಿಸಿಕೊಂಡಳು. ಮೊದಲ ಕಡ್ಡಿಗೆ ಕತ್ತರಿ ಹಿಡಿದವಳು ಕತ್ತರಿಸದೆ ಹಿಂದಕ್ಕೆ ತೆಗೆದಳು. ಇಷ್ಟು ವರ್ಷ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ.

"ಭಯವಾಗುತ್ತಾ?" ಎಂದು ತಂಗಿ ಸಾಲಿನ ಆಚೆಯಿಂದ ಕೇಳಿದಳು.

"ಆಗುತ್ತೆ."

"ನನಗೂ. ಬೇಗ ಬೇಗ ಕತ್ತರಿಸು, ಚಳಿಗೆ ನನ್ನ ಮೂಗು ಉದುರಿಹೋಗ್ತಾ ಇದೆ."

ಅಕ್ಕ ಕತ್ತರಿಯನ್ನು ಇನ್ನೊಮ್ಮೆ ಸೋಂಕು ತೊಳೆಯುವ ಔಷಧಿಯಲ್ಲಿ ಅದ್ದಿ, ಒರೆಸಿ, ಕಡ್ಡಿಯ ಕಣ್ಣುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಕತ್ತರಿಸಿದಳು. ತಂಗಿ ಅದನ್ನು ತೆಗೆದುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಸಾಲು ಮುಗಿಯುವಷ್ಟರಲ್ಲಿ ಇಬ್ಬರ ಬೆರಳೂ ಮರಗಟ್ಟಿದ್ದವು. ಬೆಕ್ಕು ಮತ್ತೆ ಮರಿ ಹಾಕಿದ ಸುದ್ದಿಯನ್ನು ತಂಗಿ ಅಷ್ಟರಲ್ಲಿ ಪೂರ್ತಿಯಾಗಿ ಹೇಳಿ ಮುಗಿಸಿದ್ದಳು.